ಬೇಟೆಯ ಹೊರೆಗೆ ತಕ್ಕ ಬೆನ್ನುಚೀಲ

ನಾವು ಬೇಟೆಗಾರರಲ್ಲ, ಬೇಟೆಯ ಹೊರೆಯನ್ನು ಒಂದೇ ಒಂದು ಸಲ ಹೊತ್ತವರು. ಅಷ್ಟರಿಂದಲೇ ಈ ವಿಷಯದಲ್ಲಿ ಲೇಖನಿ ಹಿಡಿಯುವ ಸಾಹಸ ಮಾಡಿದೆವೆಂದು ವಾಚಕರು ನಗಬಾರದು. ಹೊರೆಯ ವಿಚಾರದಲ್ಲಿ ಹತ್ತು ವರ್ಷದ ಓದಿಗಿಂತ ಹತ್ತು ಫರ್ಲಾಂಗಿನ ನಡಿಗೆಯೇ ಹೆಚ್ಚು ಕಲಿಸುತ್ತದೆ. ಅಲ್ಲದೆ ನಮ್ಮ ವಾಚಕರಲ್ಲಿ ಅನೇಕರ ಮಕ್ಕಳೂ ಅಳಿಯಂದಿರೂ ಅಮೆರಿಕ ದೇಶದಲ್ಲಿ ಸಂಸಾರ ಹೂಡಿರುವರು. ಅವರಲ್ಲಿ ಕೆಲವರು ಆ ನಾಡಿನ ರೂಢಿಯಂತೆ ಶರತ್ಕಾಲದಲ್ಲಿ ಬೆಟ್ಟ ಹತ್ತುವರೆಂಬುದೂ ನಮಗೆ ಗೊತ್ತು. ಅಂಥವರ ಬೆನ್ನೂ ಮೊಣಕಾಲೂ ಹಣವೂ ಉಳಿಯುವ ಹಾಗಾದರೆ ಈ ನಾಲ್ಕು ಪುಟಗಳು ಸಾರ್ಥಕವಾದಾವು.

ನಮ್ಮ ತಮ್ಮನ ಮಗನು ಕೊಲೊರಾಡೊ ಸೀಮೆಯಲ್ಲಿ ನೆಲೆಸಿ ಅಲ್ಲಿಯ ಪೌರನಾಗಿರುವನು. ನಮ್ಮದು ಮಲೆನಾಡಿನ ಮನೆತನ. ಅಜ್ಜಂದಿರ ಕಾಲದಲ್ಲಿ ಊರವರೆಲ್ಲ ಕೂಡಿ ಹಂದಿಬೇಟೆಗೆ ಹೊರಡುತ್ತಿದ್ದ ಕಥೆಗಳನ್ನು ಕೇಳಿಯೇ ಬೆಳೆದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಆ ಕಥೆ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಕೊಲೊರಾಡೊದ ಕ್ರಮವೇ ಬೇರೆ. ಅಲ್ಲಿ ಸರಕಾರವೇ ಇಂತಿಷ್ಟು ಪ್ರಾಣಿಗಳೆಂದು ಲೆಕ್ಕ ಹಾಕಿ, ಋತು ಗೊತ್ತುಮಾಡಿ, ಪರವಾನಗಿ ಕೊಡುವುದು. 1949ರ ಜನವರಿ ಒಂದನೆಯ ತಾರೀಖು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಶಿಕ್ಷಣ ಪಡೆಯದೆ ಪರವಾನಗಿ ಕೊಳ್ಳುವಂತಿಲ್ಲ. ಕೊಂದ ಪ್ರಾಣಿಯ ತಿನ್ನತಕ್ಕ ಮಾಂಸವನ್ನು ಕಾಡಿನಲ್ಲಿಯೇ ಬಿಟ್ಟುಬರುವುದು ಅಪರಾಧ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಚೀಲದ ಪ್ರಶ್ನೆಯೆಲ್ಲ ಹುಟ್ಟುವುದು ಇಲ್ಲಿಂದಲೇ. ಗುಂಡು ಹಾರಿಸುವುದು ಒಂದು ಕ್ಷಣದ ಕೆಲಸ. ಹೊತ್ತು ತರುವುದು ಒಂದು ಹಗಲಿನ, ಕೆಲವೊಮ್ಮೆ ಒಂದು ಇರುಳಿನ ಕೆಲಸ.

ಅಲ್ಲಿ ಬೇಟೆಯಾಡುವ ದೊಡ್ಡ ಮೃಗವೆಂದರೆ ಎಲ್ಕ್. ನಮ್ಮ ಕಡವೆಯ ಸಂಬಂಧಿಯೆನ್ನಬಹುದು. ಹೆಣ್ಣಾದರೆ ಸುಮಾರು 225 ಕಿಲೋ, ಬಲಿತ ಗಂಡಾದರೆ 300 ಕಿಲೋವಿಗೂ ಮಿಕ್ಕಿ ತೂಗುವುದು. ಕರುಳು, ತೊಗಲು, ತಲೆ, ಎಲುಬುಗಳನ್ನೆಲ್ಲ ಕಳೆದರೂ ಗಂಡಿನಲ್ಲಿ 80ರಿಂದ 100 ಕಿಲೋ, ಹೆಣ್ಣಿನಲ್ಲಿ 60ರಿಂದ 75 ಕಿಲೋ ಮಾಂಸ ಉಳಿಯುವುದು. ಒಂದು ಸಣ್ಣ ಸಂಸಾರಕ್ಕೆ ವರ್ಷಕ್ಕಾಗುವಷ್ಟು. ಇದು ಸಿಕ್ಕುವುದು ಸಮುದ್ರಮಟ್ಟದಿಂದ ಎರಡೂವರೆ ಮೂರು ಸಾವಿರ ಮೀಟರ್ ಎತ್ತರದಲ್ಲಿ, ಗಾಡಿ ಹೋಗದ ಕಡೆಯಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ ಎರಡು ಸಾವಿರ ಮೀಟರಿಗೆ ಮುಟ್ಟದು. ಅಲ್ಲಿ ಬರಿಗೈಯಲ್ಲಿ ನಡೆದರೂ ನಮಗೆ ಉಸಿರು ಸಾಲದಾಯಿತು.

2022ನೆಯ ಅಕ್ಟೋಬರಿನಲ್ಲಿ ನಾವು ಹುಡುಗನ ಮನೆಯಲ್ಲಿದ್ದೆವು. ಆ ವರ್ಷ ಅವನಿಗೆ ಹೆಣ್ಣು ಎಲ್ಕಿನ ಪರವಾನಗಿ ದೊರಕಿತ್ತು. ಬೇಟೆಗೆಂದು ಒಂದು ದೊಡ್ಡ ಬೆನ್ನುಚೀಲವನ್ನೂ ಅಗ್ಗದಲ್ಲಿ ತಂದಿದ್ದನು. ನೋಡುವುದಕ್ಕೆ ಬಹು ಚೆಲುವು; ಒಣಗಿದೆಲೆಗಳ ಚಿತ್ತಾರ, ಹದಿನಾಲ್ಕು ಜೇಬು, ನೀರಿನ ಕೊಳವೆಗೊಂದು ತೂತು, ಬಾಣಗಳಿಗೊಂದು ಗೂಡು. ಅವನು ಬಿಲ್ಲು ಹಿಡಿದವನೇ ಅಲ್ಲ. ಬಾಣದ ಗೂಡು ಏತಕ್ಕೆಂದು ನಮ್ಮ ಸೊಸೆ ಕೇಳಿದ್ದಳು. ಪಕ್ಕದ ಮನೆಯ ಮುದುಕರು ಮಾತ್ರ ಆ ಚೀಲವನ್ನು ಕೈಯಲ್ಲಿ ಹಿಡಿದು ಎರಡು ತುದಿಗಳನ್ನೂ ಅಮುಕಿ ನೋಡಿದರು. ಅದು ದಿಂಬಿನಂತೆ ನಡುವೆ ಮಡಚಿತು. ಅವರು ಏನೂ ಹೇಳಲಿಲ್ಲ. ತಮ್ಮ ನಲವತ್ತು ವರ್ಷದ ಹಳೆಯ ಅಲ್ಯೂಮಿನಿಯಂ ಚೌಕಟ್ಟನ್ನು ಗಾಡಿಗೆ ಹಾಕಿಕೊಂಡು ಹುಡುಗನ ಸಂಗಡ ಹೊರಟರು.

ಪ್ರಾಣಿ ಬಿದ್ದದ್ದು ರಸ್ತೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ, ಮಧ್ಯಾಹ್ನ ಮೂರು ಗಂಟೆಗೆ. ಮಾಂಸ ಬಿಡಿಸಿ ಹತ್ತಿಯ ಚೀಲಗಳಿಗೆ ತುಂಬುವಷ್ಟರಲ್ಲಿ ಕತ್ತಲಾಯಿತು. ಒಟ್ಟು 68 ಕಿಲೋ ಆದೀತೆಂದು ಅಂದಾಜು. ಹುಡುಗನು 27 ಕಿಲೋ ಹೊತ್ತನು. ಮುದುಕರು 20 ಕಿಲೋ ಹೊತ್ತರು. ಉಳಿದ 21 ಕಿಲೋವನ್ನು ಮರದ ಕೊಂಬೆಗೆ ತೂಗುಹಾಕಿದರು. ಅರ್ಧ ದಾರಿ ಬರುವುದರೊಳಗೆ ಹುಡುಗನ ಚೀಲ ಕುಸಿದು ಮೂಟೆಯಾಯಿತು. ಸೊಂಟದ ಪಟ್ಟಿ ಮೇಲಕ್ಕೆ ಜಾರಿ ಹೊಟ್ಟೆಯನ್ನು ಹಿಸುಕತೊಡಗಿತು. ಭಾರವೆಲ್ಲ ಹೆಗಲಿಗೆ ಬಂದು ಕೈಬೆರಳುಗಳು ಜೋಮು ಹಿಡಿದವು. ಬಿದ್ದ ಮರವೊಂದನ್ನು ದಾಟುವಾಗ ಎಡಹೆಗಲ ಪಟ್ಟಿಯ ಹೊಲಿಗೆ ಕಿತ್ತು, ಹೊರೆ ಒಂದೇ ಕಡೆಗೆ ವಾಲಿತು. ಆ ವಾಲಿಗೆ ಅವನೂ ಬಿದ್ದನು. ಮೊಣಕಾಲು ತಿರುಚಿತು. ಮುದುಕರು ಅವನನ್ನು ಮೆಲ್ಲನೆ ರಸ್ತೆಗೆ ಸೇರಿಸಿ, ತಮ್ಮ ಹೊರೆಯನ್ನು ಗಾಡಿಯಲ್ಲಿಳಿಸಿ, ಹಣೆಯ ದೀಪ ಕಟ್ಟಿಕೊಂಡು ಒಬ್ಬರೇ ಹಿಂದಿರುಗಿ ಅವನ ಹೊರೆಯನ್ನೂ ತಂದರು. ಆಗ ಅವರಿಗೆ 68 ವರ್ಷ. ಮನೆಗೆ ಬಂದಾಗ ರಾತ್ರಿ ಒಂದು ಗಂಟೆ. ಸೊಸೆಯೂ ನಾವೂ ಅಷ್ಟು ಹೊತ್ತು ಬಾಗಿಲಲ್ಲೇ ಕುಳಿತಿದ್ದೆವು.

ಮರುದಿನ ಮುಂಜಾನೆ ಉಳಿದ 21 ಕಿಲೋವಿಗಾಗಿ ಮುದುಕರ ಸಂಗಡ ನಾವು ಹೋದೆವು. ಅವರು 14 ಕಿಲೋ ಹೊತ್ತು ನಮಗೆ ಏಳು ಕಿಲೋ ಕೊಟ್ಟರು. ಅವರ ಮನೆಯಲ್ಲಿದ್ದ ಇನ್ನೊಂದು ಹಳೆಯ ಚೌಕಟ್ಟನ್ನೇ ನಮ್ಮ ಬೆನ್ನಿಗೆ ಕಟ್ಟಿದ್ದರು. ಹೊರೆ ಅಲ್ಪವೇ ಇರಬಹುದು. ಆದರೆ ಅದು ಹೆಗಲ ಮೇಲಿಲ್ಲದೆ ಸೊಂಟದ ಎಲುಬಿನ ಮೇಲೆ ಕೂತಿತ್ತೆಂಬುದನ್ನು ನಾವು ಸ್ಪಷ್ಟವಾಗಿ ಕಂಡುಕೊಂಡೆವು. ಬಾಲ್ಯದಲ್ಲಿ ನಮ್ಮ ತಾಯಿಯವರು ತಲೆಗೆ ಸಿಂಬೆಯಿಟ್ಟು ಸೌದೆಯ ಹೊರೆ ತರುತ್ತಿದ್ದುದು ಕಣ್ಣ ಮುಂದೆ ಬಂದಿತು. ಸಿಂಬೆಯ ತತ್ತ್ವವೂ ಇದೇ ಅಲ್ಲವೆ? ಭಾರವು ಮಾಂಸಖಂಡಗಳ ಮೇಲೆ ಜೋತುಬೀಳದೆ ಎಲುಬುಗಳ ಮೂಲಕ ನೇರವಾಗಿ ನೆಲಕ್ಕಿಳಿಯಬೇಕು. ನೇಪಾಳದ ಹಮಾಲರು ಬೆತ್ತದ ಬುಟ್ಟಿಗೆ ನಾಮ್ಲೋ ಎಂಬ ಪಟ್ಟಿ ಕಟ್ಟಿ ಅದನ್ನು ನೆತ್ತಿಗೆ ಕೊಡುವುದೂ ಇದೇ ಕಾರಣದಿಂದ. 2005ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ ಅಲ್ಲಿಯ ಗಂಡಸರು ಸರಾಸರಿ ತಮ್ಮ ಮೈತೂಕದ ನೂರಕ್ಕೆ 93ರಷ್ಟು ಭಾರ ಹೊರುವರೆಂದು ಕಂಡುಬಂದಿತು. ಬಾಲ್ಯದಿಂದ ಅಭ್ಯಾಸವಿಲ್ಲದ ನಾವು ನೀವು ಅದನ್ನು ಅನುಕರಿಸಲಾಗದು; ನಮ್ಮಂಥವರಿಗೆ ಸೊಂಟವೇ ಗತಿ.

ಚೌಕಟ್ಟಿಗೆ ಹೊರೆ ಕಟ್ಟುವ ಉಪಾಯ ಬಹಳ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ಬಳಿಯಲ್ಲಿ ಬಾಗಿಸಿದ ಹೇಜಲ್ ಕೋಲೂ ಎರಡು ಹಲಗೆಗಳೂ ಇದ್ದುವು. ಬೆನ್ನಿನ ಚೌಕಟ್ಟೇ ಇದ್ದೀತೆಂದು ಪಂಡಿತರು ಊಹಿಸುವರು. ನಾರ್ವೆಯ ಓಲೆ ಬರ್ಗಾನ್ ಎಂಬವನು 1909ರ ಸುಮಾರಿಗೆ ಬೆನ್ನಿನ ಆಕಾರಕ್ಕೆ ಬಾಗಿದ ಚೌಕಟ್ಟಿಗೆ ಹಕ್ಕುಪತ್ರ ಪಡೆದನು. ಅಮೆರಿಕದ ಲಾಯ್ಡ್ ನೆಲ್ಸನ್ 1920ರ ದಶಕದಲ್ಲಿ ಅಲಾಸ್ಕದ ಮೂಲನಿವಾಸಿಗಳ ಮಾದರಿಯನ್ನು ಕಂಡು ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು ಮಾರತೊಡಗಿದನು. ಬೇಟೆಗಾರರೂ ಅರಣ್ಯದ ನೌಕರರೂ ಬಹುಕಾಲ ಅದನ್ನೇ ಹೊತ್ತರು. 1952ರಲ್ಲಿ ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟುಗಳನ್ನು ಮಾಡಿ ಮಾರಲಾರಂಭಿಸಿದನು. ಹೊಲಿಗೆಯ ಕೆಲಸ ಅವನ ಹೆಂಡತಿಯದು. ಒಮ್ಮೆ ಬೆಟ್ಟದಲ್ಲಿ ನಡೆಯುವಾಗ ಚೌಕಟ್ಟಿನ ಕೆಳತುದಿಗಳನ್ನು ಷರಾಯಿಯ ಹಿಂಜೇಬಿಗೆ ಸಿಕ್ಕಿಸಿದರೆ ಹೆಗಲು ಹಗುರಾಗುವುದೆಂದು ಅವನ ಬಳಗಕ್ಕೆ ಹೊಳೆಯಿತಂತೆ. ಸೊಂಟದ ಪಟ್ಟಿಗೆ ಮಹತ್ವ ಬಂದದ್ದು ಹೀಗೆ.

ಇನ್ನು ಕೊಳ್ಳುವ ಮಾತಿಗೆ ಬರೋಣ. ಹುಡುಗನ ಮೊಣಕಾಲು ವಾಸಿಯಾಗಲು ಆರು ವಾರ ಹಿಡಿಯಿತು. ವೈದ್ಯರಿಗೆ ತೆತ್ತ ಹಣವು ಚೀಲದ ಬೆಲೆಯ ಹಲವು ಪಟ್ಟಾಯಿತು. ಇದರಿಂದ ಅತಿ ಬೆಲೆಯದೇ ಒಳ್ಳೆಯದೆಂದು ತೀರ್ಮಾನಿಸಕೂಡದು. ಬೇಟೆಗೆಂದೇ ಮಾಡಿದ ಹೆಸರಾಂತ ಚೀಲಗಳಿಗೆ ಅಲ್ಲಿ 400ರಿಂದ 700 ಡಾಲರಿನವರೆಗೆ ಕೇಳುವರು. ವರ್ಷಕ್ಕೊಮ್ಮೆ ಎರಡು ದಿನ ಹೊರುವ ಗೃಹಸ್ಥನು ಅಷ್ಟು ಸುರಿಯಬೇಕಾದ್ದಿಲ್ಲ. ಹಣವು ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂಬುದನ್ನು ತಿಳಿದರಾಯಿತು. ನಮ್ಮ ಅಭಿಪ್ರಾಯದಲ್ಲಿ ಅದು ಹೋಗಬೇಕಾದದ್ದು ಚೌಕಟ್ಟು, ಸೊಂಟದ ಪಟ್ಟಿ, ಹೊಲಿಗೆ ಈ ಮೂರಕ್ಕೆ ಮಾತ್ರ. ಜೇಬು, ಬಣ್ಣ, ಚಿತ್ತಾರ ಇವುಗಳಿಗೆ ಕೊಟ್ಟ ಒಂದೊಂದು ಕಾಸೂ ದಂಡ.

ಚೌಕಟ್ಟು ಏತಕ್ಕೆಂದರೆ, ಮಾಂಸದ ಹೊರೆ ಬಟ್ಟೆಯ ಗಂಟಿನಂತಲ್ಲ. ಅದು ಮೆತ್ತಗೆ, ಒದ್ದೆ, ಜಾರುವ ಸ್ವಭಾವದ್ದು, ಕೆಳಕ್ಕೆ ಕುಸಿಯುತ್ತಲೇ ಇರುವುದು. ಚೌಕಟ್ಟು ಗಟ್ಟಿಯಿಲ್ಲದಿದ್ದರೆ ಅದರೊಡನೆ ಚೀಲವೂ ಕುಸಿಯುವುದು, ಸೊಂಟದ ಪಟ್ಟಿಗೂ ಹೊರೆಗೂ ಸಂಬಂಧ ತಪ್ಪುವುದು. ಆದ್ದರಿಂದ ಮುದುಕರು ಮಾಡಿದ ಪರೀಕ್ಷೆಯನ್ನೇ ಮಾಡಿ ನೋಡಬೇಕು: ಚೀಲವನ್ನು ನಿಲ್ಲಿಸಿ ಮೇಲಿಂದ ಅಮುಕಿದರೆ ಅದು ಬಾಗಕೂಡದು. ಬಟ್ಟೆಯೊಳಗೆ ಅಡಗಿದ ಲೋಹದ ಪಟ್ಟಿಗಳುಳ್ಳ ಚೀಲಗಳೂ ಒಳ್ಳೆಯವುಂಟು. ಇಕ್ಕಟ್ಟಿನ ಪೊದೆಗಳಲ್ಲಿ ನುಸುಳಲು ಅವು ಅನುಕೂಲ. ಆದರೆ ಅವುಗಳಲ್ಲಿ ಅಗ್ಗವೂ ಗಟ್ಟಿಯೂ ಆದದ್ದು ಅಪರೂಪ. ಹೊರಗೆ ಕಾಣುವ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು ಕೊಂಬೆಗಳಿಗೆ ತಗುಲುವುದು, ನಡೆದಾಗ ಕಿರುಗುಟ್ಟುವುದು ನಿಜ. ಆದರೂ ಕಡಮೆ ಹಣಕ್ಕೆ ಹೆಚ್ಚು ಭಾರ ಹೊರಲು ಅದಕ್ಕೆ ಸಮಾನವಿಲ್ಲ. ಅದರ ಬುಡದಲ್ಲಿ ಮಡಚುವ ಸಣ್ಣ ಹಲಗೆಯಿದ್ದರೆ ಇನ್ನೂ ಉತ್ತಮ. ಮಾಂಸದ ಗಂಟು ಅದರ ಮೇಲೆ ಕೂತು ಜಾರದೆ ಇರುವುದು.

ಅಳತೆಯ ವಿಷಯದಲ್ಲಿ ಬಹುಮಂದಿ ಮೋಸಹೋಗುವರು. ಮನುಷ್ಯನ ಎತ್ತರಕ್ಕೂ ಬೆನ್ನಿನ ಉದ್ದಕ್ಕೂ ನೇರ ಸಂಬಂಧವಿಲ್ಲ. ನೀಳಗಾಲಿನ ಆರಡಿಯವನಿಗೆ ಗಿಡ್ಡ ಬೆನ್ನಿರಬಹುದು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಎಲುಬು ಉಬ್ಬಿ ಕಾಣುವುದಷ್ಟೆ. ಅಲ್ಲಿಂದ, ಎರಡು ಸೊಂಟದ ಎಲುಬುಗಳ ಮೇಲಂಚಿಗೆ ಹೆಬ್ಬೆರಳಿಟ್ಟರೆ ಬೆನ್ನಿನ ಮೇಲೆ ಆಗುವ ಅಡ್ಡಗೆರೆಯವರೆಗೆ ದರ್ಜಿಯ ಟೇಪಿನಿಂದ ಅಳೆಯಬೇಕು. ವಯಸ್ಕರಿಗೆ ಸಾಮಾನ್ಯವಾಗಿ 40ರಿಂದ 53 ಸೆಂಟಿಮೀಟರ್ ಬರುವುದು. ಟೇಪು ಬೆನ್ನಿನ ತಗ್ಗನ್ನು ಅನುಸರಿಸಬೇಕು. ಬಿಗಿಯಾಗಿ ಎಳೆದರೆ ತಪ್ಪು. ಚೀಲವು ಈ ಅಳತೆಗೆ ಹೊಂದಬೇಕು, ಅಥವಾ ಹೊಂದಿಸಿಕೊಳ್ಳುವಂತಿರಬೇಕು. ಸೊಂಟದ ಪಟ್ಟಿ ಎಲುಬಿನ ಮೇಲಂಚನ್ನು ಅಪ್ಪಿ ಹಿಡಿಯಬೇಕೇ ಹೊರತು ಹೊಟ್ಟೆಯನ್ನಲ್ಲ. ಹೆಗಲ ಪಟ್ಟಿಗಳ ತುದಿಯಿಂದ ಚೌಕಟ್ಟಿನ ಮೇಲ್ಭಾಗಕ್ಕೆ ಓರೆಯಾಗಿ ಹೋಗುವ ಎರಡು ಕಿರುಪಟ್ಟಿಗಳು ಇರಬೇಕು. ಅವನ್ನು ಎಳೆದರೆ ಹೊರೆ ಬೆನ್ನಿಗೆ ಅಂಟುವುದು, ಸಡಿಲಬಿಟ್ಟರೆ ಹಿಂದಕ್ಕೆ ಜಗ್ಗುವುದು. ಹೆಂಗಸರಿಗೆ ಸೊಂಟದ ಆಕಾರ ಬೇರೆಯಾದ್ದರಿಂದ ಪಟ್ಟಿಯೂ ಬೇರೆಯಿರಬೇಕು; ಗಂಡನ ಚೀಲ ಹೆಂಡತಿಗೆ ನಡೆದೀತೆಂದು ಉಳಿತಾಯ ಮಾಡುವುದು ಸರಿಯಲ್ಲ.

ಹಳೆಯ ಮಾಲು ಕೊಳ್ಳುವುದರಲ್ಲಿ ನಮಗೆ ಯಾವ ಸಂಕೋಚವೂ ಕಾಣದು. ಅಮೆರಿಕದ ಸೈನ್ಯವು 1970ರ ದಶಕದಲ್ಲಿ ಬಳಕೆಗೆ ತಂದ ‘ಆಲಿಸ್’ ಎಂಬ ಚೀಲಗಳೂ ಚೌಕಟ್ಟುಗಳೂ ಸೈನ್ಯದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕುವುವು. ಬಲದಲ್ಲಿ ಅವಕ್ಕೆ ಕೊರತೆಯಿಲ್ಲ. ಆದರೆ ಚೌಕಟ್ಟು ಗಿಡ್ಡ, ಸೊಂಟದ ಪಟ್ಟಿ ತೆಳ್ಳಗೆ. ಅಗಲವಾದ ಬೇರೆ ಪಟ್ಟಿ ಜೋಡಿಸಿದರೆ ಗಿಡ್ಡ ಬೆನ್ನಿನವರಿಗೆ ಸಾಕಾದೀತು. ಯಾವ ಹಳೆಯ ಚೌಕಟ್ಟನ್ನೇ ಆಗಲಿ, ಕೊಳವೆಗಳ ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಪಟ್ಟಿಯೊಳಗಿನ ಫೋಮು ಪುಡಿಯಾಗಿದ್ದರೆ, ಬಟ್ಟೆಯ ಒಳಲೇಪ ಸಿಪ್ಪೆಯೇಳುತ್ತಿದ್ದರೆ ಅಷ್ಟರಮಟ್ಟಿಗೆ ಬೆಲೆ ತಗ್ಗಿಸಬೇಕು. ಇವೆರಡೂ ತಿದ್ದಬಹುದಾದ ದೋಷಗಳು, ಬಿರುಕು ತಿದ್ದಲಾಗದ್ದು. ಹೆಗಲ ಪಟ್ಟಿ ಚೀಲಕ್ಕೆ ಸೇರುವ ಕಡೆ ಒತ್ತೊತ್ತಾಗಿ ಹತ್ತಾರು ಬಾರಿ ಹಿಂದುಮುಂದು ಹೊಲಿದಿರಬೇಕು. ನಮ್ಮ ಹುಡುಗನ ಚೀಲದಲ್ಲಿ ಅಲ್ಲಿ ಒಂದೇ ಸಾಲು ಹೊಲಿಗೆಯಿತ್ತು.

2023ರ ವಸಂತದಲ್ಲಿ ಅವನು ಮುದುಕರ ಸಲಹೆಯಂತೆ ಯಾರೋ ಬಳಸಿದ ಚೌಕಟ್ಟೊಂದನ್ನು 70 ಡಾಲರಿಗೂ, ಹೊಸ ಸೊಂಟದ ಪಟ್ಟಿಯನ್ನು 45 ಡಾಲರಿಗೂ ತಂದನು. ಕಾಡಿಗೆ ಹೋಗುವ ಮುಂಚೆ ಪರೀಕ್ಷೆ ಮನೆಯಲ್ಲಿಯೇ ಆಗಬೇಕೆಂದು ಸೊಸೆ ಹಟ ಹಿಡಿದಳಂತೆ. ಅಲ್ಲಿಯ ನಮ್ಮವರ ಅಂಗಡಿಗಳಲ್ಲಿ ಸೋನಾ ಮಸೂರಿ ಅಕ್ಕಿ 20 ಪೌಂಡಿನ, ಎಂದರೆ ಒಂಬತ್ತು ಕಿಲೋವಿನ ಚೀಲಗಳಲ್ಲಿ ಬರುವುದು. ಮೂರು ಚೀಲಕ್ಕೆ ಸರಿಯಾಗಿ 27 ಕಿಲೋ! ಕಳೆದ ಸಲ ಅವನನ್ನು ಕೆಡವಿದ ತೂಕವೂ ಅದೇ. ಮೊದಲ ದಿನ ಒಂದು ಚೀಲ, ವಾರದ ಮೇಲೆ ಎರಡು, ತಿಂಗಳ ಮೇಲೆ ಮೂರು ಕಟ್ಟಿಕೊಂಡು ಅವನು ಮನೆಯ ಮೆಟ್ಟಿಲು ಹತ್ತಿಳಿದನು. ಆಮೇಲೆ ಊರಾಚೆಯ ಗುಡ್ಡ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಅಂಗಡಿಯಲ್ಲಿಯೂ ಆಗದು. ಅಂಗಡಿಯಲ್ಲಿ ಖಾಲಿ ಚೀಲ ಹೊತ್ತು ಕನ್ನಡಿಯ ಮುಂದೆ ನಿಂತವರಿಗೆ ಎಲ್ಲ ಚೀಲಗಳೂ ಒಪ್ಪುವುವು. ಒಂದು ಗಂಟೆ ನಡೆದ ಮೇಲೆ ಸೊಂಟದ ಚರ್ಮ ಕೆಂಪೇರುವುದೇ, ಕೈ ಜೋಮು ಹಿಡಿಯುವುದೇ, ಪಟ್ಟಿ ತಾನಾಗಿ ಸಡಿಲುವುದೇ ಎಂದು ನೋಡಿ, ಹಿಂದಿರುಗಿಸುವ ಗಡುವು ಮೀರುವ ಮೊದಲೇ ತೀರ್ಮಾನಿಸಬೇಕು.

ಹೊರೆ ಕಟ್ಟುವ ಕ್ರಮವೂ ಚೀಲದಷ್ಟೇ ಮುಖ್ಯ. ಭಾರವಾದ ಗಂಟು ಬೆನ್ನಿಗೆ ಅಂಟಿಕೊಂಡು, ಹೆಗಲೆಲುಬಿನ ಮಟ್ಟಕ್ಕೆ ಇರಬೇಕು. ಕೆಳಗೆ ಇಳಿದರೆ ಹಿಂದಕ್ಕೆಳೆಯುವುದು, ತೀರ ಮೇಲಾದರೆ ಇಳಿಜಾರಿನಲ್ಲಿ ಮುಗ್ಗರಿಸುವುದು. ಎಲುಬನ್ನು ಕಾಡಿನಲ್ಲಿಯೇ ಬಿಡಿಸಿದರೆ ಹೊರೆ ಬಹಳ ಇಳಿಯುವುದು. ಆದರೆ ಪ್ರಾಣಿಯ ಲಿಂಗವನ್ನು ತೋರಿಸುವ ಗುರುತನ್ನು ಮಾಂಸಕ್ಕೆ ಅಂಟಿದಂತೆಯೇ ಉಳಿಸಬೇಕೆಂದು ಕೊಲೊರಾಡೊದ ಕಾಯಿದೆ ಹೇಳುವುದರಿಂದ ಕತ್ತಿಯ ಕೆಲಸದಲ್ಲಿ ಎಚ್ಚರ ಬೇಕು. ಮಾಂಸ ಬೇಗನೆ ತಣ್ಣಗಾಗಬೇಕು. ಅದಕ್ಕಾಗಿ ಗಾಳಿಯಾಡುವ ಹತ್ತಿಯ ಚೀಲವೇ ಸರಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬಿಸಿಗೆ ಹಳಸುವುದು. ಕೋವಿಯ ಗುಂಡುಗಳನ್ನು ತೆಗೆದಮೇಲೆಯೇ ಹೊರೆ ಎತ್ತಬೇಕು. ಎತ್ತುವಾಗಲೂ ನಿಂತುಕೊಂಡು ಜಗ್ಗಿ ಹೆಗಲಿಗೆ ಹಾಕಿಕೊಳ್ಳಬಾರದು. ಬಿದ್ದ ಮರದ ಮೇಲೋ ಬಂಡೆಯ ಮೇಲೋ ಚೀಲವನ್ನಿಟ್ಟು, ಅದಕ್ಕೆ ಬೆನ್ನು ಕೊಟ್ಟು ಕುಳಿತು, ಪಟ್ಟಿಗಳನ್ನು ಬಿಗಿದು, ಕೋಲೂರಿ ಏಳಬೇಕು. ನಮ್ಮ ಹಳೆಯ ದಾರಿಗಳಲ್ಲಿ ಎದೆಯೆತ್ತರಕ್ಕೆ ಹೊರೆಯಿಳಿಸುವ ಕಲ್ಲುಗಳನ್ನು ನಿಲ್ಲಿಸುತ್ತಿದ್ದರಲ್ಲ, ಅವುಗಳ ಉಪಕಾರ ನಮಗೆ ಆ ಬೆಟ್ಟದಲ್ಲಿ ನೆನಪಾಯಿತು.

ಎಷ್ಟು ಹೊರಬೇಕೆಂಬ ಲೆಕ್ಕವನ್ನು ಹೊರಡುವ ಮೊದಲೇ ಮಾಡತಕ್ಕದ್ದು. 84 ಕಿಲೋ ಮಾಂಸವನ್ನು 28 ಕಿಲೋವಿನಂತೆ ಒಬ್ಬನೇ ತಂದರೆ ಮೂರು ಹೊರೆ. ಮೂರು ಕಿಲೋಮೀಟರ್ ದೂರವಿದ್ದರೆ ಹೊತ್ತು ಬರುವ ಮೂರು ಸಲಕ್ಕೆ ಒಂಬತ್ತು, ನಡುವೆ ಬರಿಗೈಯಲ್ಲಿ ಹಿಂದಿರುಗುವ ಎರಡು ಸಲಕ್ಕೆ ಆರು, ಒಟ್ಟು 15 ಕಿಲೋಮೀಟರ್ ಬೆಟ್ಟದ ನಡಿಗೆ. ಬೆಟ್ಟ ಸುತ್ತುವವರು ಸಾಮಾನ್ಯವಾಗಿ ತಮ್ಮ ಮೈತೂಕದ ಐದನೆಯ ಒಂದು ಪಾಲಿನಷ್ಟು ಹೊರುವುದು ಹಿತವೆನ್ನುವರು. ಎಪ್ಪತ್ತು ಕಿಲೋವಿನ ಆಳಿಗೆ 28 ಕಿಲೋ ಎಂದರೆ ಅದರ ಇಮ್ಮಡಿಯಾಯಿತು. ನಮ್ಮನ್ನು ಕೇಳಿದರೆ 20 ಕಿಲೋ ಹೊತ್ತು ಎರಡು ಸಲ ಹೆಚ್ಚು ನಡೆಯುವುದೇ ಮೇಲು. ಅದಕ್ಕೆ ಹೊತ್ತಿಲ್ಲವಾದರೆ ಅಷ್ಟು ದೂರದಲ್ಲಿ ಗುಂಡು ಹಾರಿಸಲೇಬಾರದು ಎಂದು ಮುದುಕರು ಹುಡುಗನಿಗೆ ಹೇಳಿದ ಮಾತು ನಮಗೆ ಬಹಳ ಹಿಡಿಸಿತು. ಆ ಬೆಟ್ಟಗಳಲ್ಲಿ ಕರಡಿಗಳುಂಟು. ಬಿಟ್ಟುಬಂದ ಮಾಂಸವನ್ನು ಒಳಾಂಗಗಳು ಬಿದ್ದ ಕಡೆಯಿಂದ ದೂರದಲ್ಲಿ, ಎತ್ತರಕ್ಕೆ, ತೆರೆದ ಕಡೆಯಿಂದ ಕಾಣುವಂತೆ ತೂಗಿಸಿ, ಮರಳಿ ಹೋಗುವಾಗ ಗಟ್ಟಿಯಾಗಿ ಮಾತನಾಡುತ್ತ ಹೋಗಬೇಕು.

ಜೊತೆಗೆ ದಪ್ಪ ಸೂಜಿ, ಗಟ್ಟಿ ದಾರ, ಹತ್ತು ಮಾರು ಹಗ್ಗ, ಸೊಂಟದ ಪಟ್ಟಿಗೆ ಒಂದು ಹೆಚ್ಚಿನ ಬಕಲ್ಲು ಇಷ್ಟನ್ನು ಚೀಲದಲ್ಲಿಟ್ಟಿರಬೇಕು. ಆ ರಾತ್ರಿ ಇವುಗಳಲ್ಲಿ ಒಂದಾದರೂ ಇದ್ದಿದ್ದರೆ ಕಿತ್ತ ಪಟ್ಟಿಯನ್ನು ಅಲ್ಲಿಯೇ ಕಟ್ಟಿಕೊಳ್ಳಬಹುದಿತ್ತು. ಮನೆಗೆ ಬಂದ ಮೇಲೆ ಚೀಲದ ರಕ್ತವನ್ನು ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಹಾಕಿದರೆ ಕಲೆ ಕೂತುಬಿಡುವುದೆಂಬುದನ್ನು ನಮ್ಮ ಮನೆಯ ಹೆಂಗಸರಿಗೆ ಹೇಳಬೇಕಾದ್ದಿಲ್ಲ, ಗಂಡಸರಿಗೆ ಹೇಳಬೇಕು. ನೆರಳಿನಲ್ಲಿ ಪೂರ್ತಿ ಒಣಗಿಸಿ, ಇಲಿ ಮುಟ್ಟದ ಕಡೆ ತೂಗುಹಾಕಬೇಕು. ಬೆವರಿನ ಉಪ್ಪಿಗಾಗಿ ಇಲಿಗಳು ಪಟ್ಟಿಯನ್ನು ಕಡಿಯುವುವು.

2023ರ ಶರತ್ಕಾಲದಲ್ಲಿ ಹುಡುಗನು ಮತ್ತೆ ಬೆಟ್ಟಕ್ಕೆ ಹೋದನು. ಈ ಸಲ ಪ್ರಾಣಿ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ ಬಿತ್ತು. ಹೊರೆಗೆ 20 ಕಿಲೋವಿನಂತೆ ಕಟ್ಟಿ ಅವನೂ ಮುದುಕರೂ ಎರಡೆರಡು ಸಲ ನಡೆದು ಬೆಳಕಿರುವಾಗಲೇ ಎಲ್ಲವನ್ನೂ ತಂದರು. ಸೊಸೆ ಆ ಸಂಜೆ ನಮಗೆ ಫೋನು ಮಾಡಿ, “ದೊಡ್ಡ ಮಾವ, ಏಳು ಗಂಟೆಗೇ ಬಂದುಬಿಟ್ಟರು, ಬಂದವರೇ ಹಸಿವು ಅಂತಿದ್ದಾರೆ, ಇನ್ನೂ ಅನ್ನಕ್ಕೇ ಇಟ್ಟಿಲ್ಲ” ಎಂದಳು. ಬೆನ್ನು ಹೇಗಿದೆಯೆಂದು ಕೇಳಿದೆವು. ಬೆನ್ನಿನ ಮಾತೇ ಎತ್ತಲಿಲ್ಲವಂತೆ.